ಹೋಮ್‌ವರ್ಕ್ ಬಿಟ್ಟ ಮೇಲೆ ಪಾಠ ಶುರುವಾಯಿತು

ಧಾರಾವಿಯಲ್ಲಿ ಸಂಜೆ ಪಾಠ ಶುರು ಮಾಡಿದ ಮೊದಲ ವರ್ಷ ನಾನು ಮಾಡಿಸಿದ್ದು ಬರೀ ಹೋಮ್‌ವರ್ಕ್. ಪರಿಚಯದವರು ಬಿಟ್ಟುಕೊಟ್ಟ ಒಂದು ಖೋಲಿ, ಎರಡು ಚಾಪೆ, ಒಂದು ಬೋರ್ಡು. ಮಕ್ಕಳೆಲ್ಲ ಕಲಬುರಗಿ, ಯಾದಗಿರಿ ಕಡೆಯವರು. ಮನೆಯಲ್ಲಿ ಕನ್ನಡ, ಗಲ್ಲಿಯಲ್ಲಿ ಹಿಂದಿ, ಶಾಲೆಯಲ್ಲಿ ಮರಾಠಿ. ನೋಟ್‌ಬುಕ್ ತುಂಬಿಸಿಕೊಂಡು ಹೋಗುತ್ತಿದ್ದರು. ತಾಯಂದಿರಿಗೆ ಖುಷಿ, ನನಗೂ ಖುಷಿ.

ಒಂದು ದಿನ ಆರನೇ ಕ್ಲಾಸಿನ ಹುಡುಗನಿಗೆ, ನೀನು ಬರೆದದ್ದನ್ನು ನೀನೇ ಓದು ಅಂದೆ. ಬರಲಿಲ್ಲ. ಅಕ್ಷರಗಳನ್ನು ಚಿತ್ರ ಬಿಡಿಸಿದ ಹಾಗೆ ಬಿಡಿಸಿದ್ದ, ಅಷ್ಟೇ.

ಮುಂಬೈಯಲ್ಲೇ 1995ರಲ್ಲಿ ಹುಟ್ಟಿದ ಪ್ರಥಮ್ ಅನ್ನುವ ಶಿಕ್ಷಣ ಸಂಸ್ಥೆಯವರು ಮಕ್ಕಳನ್ನು ಕ್ಲಾಸಿನ ಪ್ರಕಾರ ಅಲ್ಲ, ಓದು ಎಲ್ಲಿಗೆ ಬಂದಿದೆ ಅಂತ ನೋಡಿ ಕೂರಿಸುತ್ತಾರೆ. ಮಕ್ಕಳಿಗೆ ಓದು, ಲೆಕ್ಕ ಎಷ್ಟು ಬರುತ್ತದೆ ಅಂತ ನೋಡುವ, 2005ರಿಂದ ನಡೆಯುತ್ತಿರುವ ಅಸರ್ ಸಮೀಕ್ಷೆಯಲ್ಲೂ ಇಂಥದ್ದೇ ಅಳತೆ: ಅಕ್ಷರ, ಪದ, ಒಂದನೇ ಕ್ಲಾಸಿನ ನಾಲ್ಕು ಸಾಲು, ಎರಡನೇ ಕ್ಲಾಸಿನ ಕಥೆ. ನಾನೂ ಮರಾಠಿಯಲ್ಲಿ ಅಂಥ ನಾಲ್ಕು ಚೀಟಿ ಬರೆದು, ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಓದಿಸಿದೆ. ಆ ಹುಡುಗ ಮೂರನೇ ಕ್ಲಾಸಿನವರ ಜೊತೆ ಪದದ ಗುಂಪಿಗೆ ಬಂದ.

ಮಾರನೇ ದಿನದಿಂದ ಅವನೇ ಇಲ್ಲ! ಮನೆಗೆ ಹೋದೆ. "ಸಣ್ಣ ಹುಡುಗ್ರ ಜೋಡಿ ಕೂಡಂಗಿಲ್ಲ ಅಂತಾನ್ರೀ ಅಕ್ಕಾರ" ಅಂದಳು ಅವನ ತಾಯಿ. ತಪ್ಪು ನನ್ನದೇ. ಭಾನುವಾರ ಅಪ್ಪನ ತರಕಾರಿ ಗಾಡಿಯಲ್ಲಿ ಚಿಲ್ಲರೆ ಲೆಕ್ಕ ನೋಡುವ ಹುಡುಗ ಅವನು. ಓದಿನ ಗುಂಪೇ ಬೇರೆ, ಲೆಕ್ಕದ ಗುಂಪೇ ಬೇರೆ ಅಂತ ಮಾಡಿದೆ. ಲೆಕ್ಕದಲ್ಲಿ ಅವನು ಎಲ್ಲರಿಗಿಂತ ಮೇಲಿನ ಗುಂಪು. ವಾಪಸ್ ಬಂದ.

ಇನ್ನೊಂದು, ಕನ್ನಡವನ್ನು ಹೊರಗಿಡಲಿಲ್ಲ. ಕೂಡುವ ಲೆಕ್ಕದಲ್ಲಿ ಮರಾಠಿ ಟೀಚರ್ 'ಹಾತ್‌ಚಾ ಏಕ್' ಅಂದಾಗ ಕಣ್ಣು ಪಿಳಿಪಿಳಿ ಬಿಡುತ್ತಿದ್ದವರಿಗೆ 'ಕೈಲಿ ಒಂದು' ಅಂದರೆ ಸಾಕು, ತಕ್ಷಣ ಹೊಳೆಯುತ್ತಿತ್ತು. 'ಖಿಡಕೀ' ಓದಲು ತಡವರಿಸಿದರೆ ಕಿಟಕಿ ತೋರಿಸುತ್ತಿದ್ದೆ. ಶಾಲೆಯ ಭಾಷೆ ಹಾಳಾಗುತ್ತದೆ ಅಂತ ಕೆಲವರು ಹೇಳಿದರು. ಸುಮ್ನೆ ಕೇಳಿಸಿಕೊಂಡೆ.

ಹೊತ್ತಿನ ವಿಷಯಕ್ಕೆ ಜಾಸ್ತಿ ತಲೆ ಕೆಟ್ಟಿತ್ತು. ಇಲ್ಲಿ ಶಾಲೆ ಎರಡು ಪಾಳಿ. ಒಬ್ಬ ಮಧ್ಯಾಹ್ನವೇ ಮನೆಗೆ ಬಂದರೆ ಇನ್ನೊಬ್ಬ ಬರುವುದು ಸಂಜೆ. 'ಶಾಲೆ ಬಿಟ್ಟ ಮೇಲೆ' ಅಂದರೆ ಯಾವಾಗ, ಅಲ್ವಾ? ಅದರ ಮೇಲೆ ನಮ್ಮ ಗಲ್ಲಿಗೆ ನಳದ ನೀರು ಬರುತ್ತಿದ್ದದ್ದು ಸರಿಯಾಗಿ ಪಾಠದ ಹೊತ್ತಿಗೇ. ಹುಡುಗಿಯರು ಕೊಡ ಹಿಡಿದು ಸಾಲಿನಲ್ಲಿ, ಹುಡುಗರು ಚಾಪೆಯ ಮೇಲೆ. ಪಾಠವನ್ನು ಎರಡು ಹೊತ್ತು ಮಾಡಿದೆ: ಮಧ್ಯಾಹ್ನ ಒಂದೂವರೆಗೆ, ರಾತ್ರಿ ಏಳಕ್ಕೆ, ನೀರು ತುಂಬಿದ ಮೇಲೆ. ಹುಡುಗಿಯರು ದಿನಾ ಬರತೊಡಗಿದರು.

ಹೋಮ್‌ವರ್ಕ್‌ಗೆ ಈಗ ಕೊನೆಯ ಹದಿನೈದು ನಿಮಿಷ ಮಾತ್ರ. ಆ ಹುಡುಗ ಕಥೆಯ ಚೀಟಿಗೆ ಬಂದಿದ್ದಾನೆ. ಮರಾಠಿಯ ಜೋಡಾಕ್ಷರ ಬಂದರೆ ಇನ್ನೂ ನಿಲ್ಲುತ್ತಾನೆ. ಈ ವಾರ ಅದೇ ನಡೆದಿದೆ.