ತುಮಕೂರಿನ ಕ್ಯಾತ್ಸಂದ್ರದಲ್ಲಿ ತಲೆಗೆ ಎರಡು ಸಾವಿರಕ್ಕೆ ಮನೆ: ನಾವು ಮೂವರು ಹುಡುಗಿಯರು ಹುಡುಕಿದ್ದು ಹೀಗೆ

ನಮ್ಮೂರು ಪಾವಗಡ ತಾಲ್ಲೂಕಿನ ತಿರುಮಣಿ ಹತ್ತಿರ. ಅಲ್ಲಿಂದ ತುಮಕೂರಿಗೆ ನೂರು ಕಿಲೋಮೀಟರಿಗೂ ಜಾಸ್ತಿ. ದಿನಾ ಓಡಾಡಿಕೊಂಡು ಎಂ.ಎಸ್ಸಿ ಓದೋದು ಆಗದ ಮಾತು. 2023ರ ಕೊನೆಗೆ ಸೀಟು ಸಿಕ್ಕಿತು, ಆದರೆ ಹಾಸ್ಟೆಲ್ ಪಟ್ಟಿಯಲ್ಲಿ ನನ್ನ ಹೆಸರು ಬರಲಿಲ್ಲ.

ತುಮಕೂರೇನು ಬೆಂಗಳೂರಾ, ಅಲ್ಲಿ ಮನೆ ಸಿಗೋದು ಏನು ಕಷ್ಟ ಅಂತ ಕೇಳೋರು ಇದ್ದಾರೆ. ಬೆಂಗಳೂರು ಇಲ್ಲಿಂದ 70 ಕಿಲೋಮೀಟರ್ ಅಷ್ಟೇ. ಬೆಳಿಗ್ಗೆ ರೈಲು ಹತ್ತಿ ಅಲ್ಲಿಗೆ ಕೆಲಸಕ್ಕೆ ಹೋಗಿ ರಾತ್ರಿ ವಾಪಸ್ ಬರೋರು, ವಸಂತನರಸಾಪುರದ ಕಾರ್ಖಾನೆಗಳಿಗೆ ಹೋಗೋರು, ಎಂಜಿನಿಯರಿಂಗ್ ಓದೋ ಮಕ್ಕಳು, ಎಲ್ಲರೂ ಹುಡುಕೋದು ಅದೇ ಒಂದು ರೂಮು ಒಂದು ಅಡುಗೆಮನೆಯ ಮನೆಗಳನ್ನೇ. ಸಂಬಳ ಬರೋರ ಜೊತೆ ಓದೋರು ಪೈಪೋಟಿಗೆ ನಿಲ್ಲಬೇಕು.

ನಮ್ಮ ಮನೆ ಲೆಕ್ಕ ಹೇಳಿಬಿಡುತ್ತೇನೆ. ಅಪ್ಪ ಎರಡೂವರೆ ಎಕರೆ ಹೊಲವನ್ನು ಸೋಲಾರ್ ಪಾರ್ಕಿಗೆ ಗುತ್ತಿಗೆ ಕೊಟ್ಟಿದ್ದಾರೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಂದ ಶುರುವಾಗಿದ್ದು, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದು ಏರುತ್ತದೆ. "ಹೊಲದ ಬಾಡಿಗೆ ನಿನ್ನ ಓದಿಗೆ" ಅಂತ ಅಪ್ಪ ಹೇಳಿದ್ದರು. ಹಾಗಾಗಿ ನಾನು ತುಮಕೂರಲ್ಲಿ ಕೊಡುವ ಒಂದೊಂದು ರೂಪಾಯಿಯೂ ಎಲ್ಲಿಂದ ಬಂತು ಅಂತ ನನಗೆ ಗೊತ್ತಿತ್ತು.

ಮೊದಲು ಸೇರಿದ್ದು ಪಿಜಿಗೆ. ಊಟ ಸೇರಿ ತಿಂಗಳಿಗೆ 5,500. ಕೇಳೋಕೆ ಚೆನ್ನಾಗಿತ್ತು. ಆಮೇಲೆ ಗೊತ್ತಾಯಿತು, ಭಾನುವಾರ ರಾತ್ರಿ ಊಟ ಇಲ್ಲ, ಬಿಸಿನೀರಿಗೆ ಬೇರೆ ದುಡ್ಡು, ಕರೆಂಟಿಗೆ ಸಬ್ ಮೀಟರ್ ಹಾಕಿ ಯೂನಿಟ್‌ಗೆ 10 ರೂಪಾಯಿ. ಎಲ್ಲ ಸೇರಿ ಕೈಯಿಂದ ಹೋಗುತ್ತಿದ್ದದ್ದು ಆರೂವರೆ ಸಾವಿರ. ಬಿಡುವಾಗ ಡೆಪಾಸಿಟ್ 5,000ದಲ್ಲಿ ಬಂದಿದ್ದು 2,000. "ಒಂದು ತಿಂಗಳ ಮುಂಚೆ ಹೇಳಬೇಕಿತ್ತು ಕಣಮ್ಮಾ" ಅಂದರು. ಹೇಳಿದ್ದೆ, ಆದರೆ ಬಾಯಲ್ಲಿ ಹೇಳಿದ್ದೆ. ಒಂದು ವಾಟ್ಸಾಪ್ ಮೆಸೇಜ್ ಹಾಕಿದ್ದರೆ ಆ 3,000 ಉಳಿಯುತ್ತಿತ್ತು. ಅವತ್ತಿಂದ ಬಾಡಿಗೆ ಎಷ್ಟು ಅಂತ ಮಾತ್ರ ಕೇಳೋದು ಬಿಟ್ಟೆ. ತಿಂಗಳ ಕೊನೆಗೆ ಕೈಯಿಂದ ಒಟ್ಟು ಎಷ್ಟು ಹೋಗುತ್ತೆ, ಬಿಡುವಾಗ ಎಷ್ಟು ವಾಪಸ್ ಬರುತ್ತೆ, ಈ ಎರಡು ಕೇಳಬೇಕು.

ಅದೇ ಪಿಜಿಯಲ್ಲಿ ಹುಳಿಯಾರು ಕಡೆಯವಳೊಬ್ಬಳು, ನಮ್ಮ ತಾಲ್ಲೂಕಿನ ವೈ.ಎನ್. ಹೊಸಕೋಟೆಯವಳೊಬ್ಬಳು ಇದ್ದರು. ಮೂವರೂ ಸೇರಿ ಮನೆ ಮಾಡೋಣ ಅಂತ ನಿರ್ಧಾರ ಮಾಡಿದೆವು. ಜೊತೆಗಾರರನ್ನು ಆರಿಸೋದು ಮನೆ ಆರಿಸೋದಕ್ಕಿಂತ ಮುಂಚೆ ಆಗಬೇಕು. ಇನ್ನೂ ಒಂದು ವರ್ಷಕ್ಕೂ ಜಾಸ್ತಿ ಓದೋದಿದೆಯಾ, ಮಧ್ಯೆ ಬಿಟ್ಟು ಹೋಗ್ತೀಯಾ, ಅಡುಗೆ ಮಾಡ್ತೀಯಾ, ಮನೆಯಿಂದ ದುಡ್ಡು ಯಾವ ತಾರೀಖಿಗೆ ಬರುತ್ತೆ, ಇದನ್ನೆಲ್ಲ ನಾಚಿಕೆ ಬಿಟ್ಟು ಕೇಳಿಕೊಂಡೆವು. ಕೊನೆಯ ಪ್ರಶ್ನೆ ಬಹಳ ಮುಖ್ಯ. ಮಾಲೀಕರು ಐದನೇ ತಾರೀಖು ಕೇಳುತ್ತಾರೆ, ನಮ್ಮಲ್ಲಿ ಒಬ್ಬಳ ಮನೆಯಿಂದ ಹತ್ತಕ್ಕೇ ಬರೋದು.

ಹುಡುಕೋಕೆ ಮೂರು ಭಾನುವಾರ ಬೇಕಾಯಿತು. ಎಸ್.ಎಸ್. ಪುರಂ, ಅಶೋಕನಗರ ಕಡೆ 9,000ಕ್ಕೆ ಕಡಿಮೆ ಇಲ್ಲ, ಅಡ್ವಾನ್ಸ್ ಲಕ್ಷದ ಹತ್ತಿರ. ಬ್ರೋಕರ್ ಒಬ್ಬರು ಒಂದು ತಿಂಗಳ ಬಾಡಿಗೆ ಕಮಿಷನ್ ಕೇಳಿದರು. ಇನ್ನೊಬ್ಬರು ಮೂರು ಲಕ್ಷಕ್ಕೆ ಭೋಗ್ಯಕ್ಕೆ ಹಾಕಿಕೊಳ್ಳಿ, ದುಡ್ಡು ಒಟ್ಟಿಗೆ ಕೊಟ್ಟರೆ ಬಿಡುವಾಗ ವಾಪಸ್ ಬರುತ್ತೆ, ತಿಂಗಳ ಬಾಡಿಗೆಯೇ ಇರೋದಿಲ್ಲ ಅಂದರು. ಓದೋರ ಮನೆಯಲ್ಲಿ ಮೂರು ಲಕ್ಷ ಒಟ್ಟಿಗೆ ಎಲ್ಲಿರುತ್ತೆ? ಇದ್ದರೂ ಆ ಮನೆ ಮೇಲೆ ಬ್ಯಾಂಕ್ ಸಾಲ ಇದ್ದರೆ ದುಡ್ಡು ವಾಪಸ್ ತೆಗೆಯೋದು ದೊಡ್ಡ ಪಾಡು. ಭೋಗ್ಯದ ಸಹವಾಸ ಬೇಡ.

ಒಂದು ಕಹಿ ವಿಷಯ ಹೇಳಲೇಬೇಕು. ಒಂದು ಮನೆ ನಮಗೆ ತುಂಬ ಹಿಡಿಸಿತ್ತು. ಗೇಟಿಗೆ ಬೋರ್ಡ್ ತೂಗುಹಾಕಿದ್ದರು, ಮನೆ ಖಾಲಿ ಇತ್ತು, ಬಾಡಿಗೆ ಮಾತೂ ಆಯಿತು. ಕೊನೆಗೆ "ನೀವು ಯಾವ ಜನ?" ಅಂತ ಕೇಳಿದರು. ನಮ್ಮ ಜೊತೆಯವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಒಳಗೆ ಹೋಗಿ ಬಂದು "ನಿನ್ನೆ ತಾನೇ ಬೇರೆಯವರು ಅಡ್ವಾನ್ಸ್ ಕೊಟ್ಟು ಹೋಗಿದ್ದಾರಂತೆ, ನನಗೆ ಗೊತ್ತಿರಲಿಲ್ಲ" ಅಂದರು. ಮುಂದಿನ ಭಾನುವಾರ ಹೋದಾಗಲೂ ಬೋರ್ಡ್ ಅಲ್ಲೇ ಇತ್ತು. ಅವಳು ಬಸ್ಸಲ್ಲಿ ಕಿಟಕಿ ಕಡೆ ತಿರುಗಿ ಕೂತವಳು ಪಿಜಿ ಮುಟ್ಟೋವರೆಗೂ ಒಂದು ಮಾತಾಡಲಿಲ್ಲ. ಇದು ತಪ್ಪು. ಓದೋಕೆ ಬಂದ ಮಕ್ಕಳ ಹತ್ತಿರ ಇದನ್ನು ಕೇಳಬಾರದು. ಆಮೇಲಿಂದ ನಾವು ಒಂದು ನಿಯಮ ಮಾಡಿಕೊಂಡೆವು. ಈ ಪ್ರಶ್ನೆ ಕೇಳಿದ ಮನೆಯಿಂದ ಮೂವರೂ ಒಟ್ಟಿಗೆ ಎದ್ದು ಬರೋದು, ಬಾಡಿಗೆ ಎಷ್ಟೇ ಕಡಿಮೆ ಇರಲಿ.

ಮನೆ ಸಿಕ್ಕಿದ್ದು ಇಸ್ತ್ರಿ ಅಂಗಡಿ ಅಣ್ಣನಿಂದ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಸುಮ್ನೆ ಒಂದು ಬೀದಿಗೆ ನಡೆದುಕೊಂಡು ಹೋದೆವು. ಮೂಲೆಯಲ್ಲಿ ತಳ್ಳುಗಾಡಿ ಇಟ್ಟುಕೊಂಡು ಇದ್ದಿಲ ಪೆಟ್ಟಿಗೆಯಲ್ಲಿ ಬಟ್ಟೆ ಉಜ್ಜುತ್ತಿದ್ದರು. "ಅಣ್ಣ, ಈ ಕಡೆ ಮನೆ ಖಾಲಿ ಇದೆಯಾ?" ಅಂದೆ. ತಲೆ ಎತ್ತದೆ ಅಂಗಿ ಕಾಲರ್ ತಿರುಗಿಸುತ್ತಾ ಹೇಳಿದರು: "ಮೇಷ್ಟ್ರ ಮನೆ ಮೇಲೆ ಇರೋರು ಈ ತಿಂಗಳು ಬಟ್ಟೆ ಕೊಟ್ಟಿಲ್ಲ ಕಣಮ್ಮ, ಸಾಮಾನು ಸಾಗಿಸ್ತಾ ಇದ್ರು. ಹೋಗಿ ಕೇಳಿ, ಬೋರ್ಡ್ ಇನ್ನೂ ಹಾಕಿಲ್ಲ." ಯಾವ ಮನೆ ಖಾಲಿ ಆಗುತ್ತೆ ಅನ್ನೋದು ಬ್ರೋಕರಿಗಿಂತ ಮುಂಚೆ ಇಸ್ತ್ರಿಯವರಿಗೆ, ಹಾಲು ಹಾಕೋರಿಗೆ, ಬೀದಿಯ ಚಿಲ್ಲರೆ ಅಂಗಡಿಯವರಿಗೆ ಗೊತ್ತಾಗುತ್ತದೆ. ಬೋರ್ಡ್ ಹಾಕೋ ಮುಂಚೆ ಹೋದರೆ ಬೇರೆಯವರ ಪೈಪೋಟಿ ಇಲ್ಲ, ಕಮಿಷನ್ನೂ ಇಲ್ಲ.

ಮೇಷ್ಟ್ರು ಅಂದರೆ ನಿವೃತ್ತ ಶಾಲಾ ಮಾಸ್ತರು. ಅವರು, ಅಜ್ಜಿ ಇಬ್ಬರೇ ಕೆಳಗೆ. ಮೇಲೆ ಒಂದು ಹಾಲ್, ಒಂದು ರೂಮು, ಸಣ್ಣ ಅಡುಗೆಮನೆ, ಹೊರಗೆ ಬಟ್ಟೆ ಒಗೆಯೋ ಕಲ್ಲು. ನಾನು ಮೊದಲು ನೋಡಿದ್ದು ನೀರು. ಪಾವಗಡದಲ್ಲಿ ಫ್ಲೋರೈಡ್ ನೀರು ಕುಡಿದು ಬೆಳೆದವರಿಗೆ ಆ ಅಭ್ಯಾಸ ಹೋಗೋದಿಲ್ಲ. ಮೂರೂ ನಲ್ಲಿ ತಿರುಗಿಸಿ ನೋಡಿದೆ. ಅಜ್ಜಿಯನ್ನು ಕೇಳಿದೆ: ಹೇಮಾವತಿ ನೀರು ವಾರಕ್ಕೆ ಎಷ್ಟು ಸಲ, ಯಾವ ಹೊತ್ತಿಗೆ, ಸಂಪು ಎಷ್ಟು ದೊಡ್ಡದು, ಬೋರ್ ಇದೆಯಾ, ಮೋಟರ್ ಹಾಕೋದು ಯಾರು. ಅಜ್ಜಿ ಸಂಪಿನ ಮುಚ್ಚಳ ತೆಗೆದೇ ತೋರಿಸಿದರು. "ಬೇಸಿಗೇಲಿ ಬುಗುಡನಹಳ್ಳಿ ಕೆರೆ ಇಳಿದ್ರೆ ನಲ್ಲಿ ನೀರು ತಡ ಆಗುತ್ತೆ ಮಗ, ಆವಾಗ ಬೋರೇ ಗತಿ" ಅಂದರು. ಇಷ್ಟು ನೇರವಾಗಿ ಹೇಳೋ ಮಾಲೀಕರು ಸಿಕ್ಕರೆ ಸಾವಿರ ರೂಪಾಯಿ ಜಾಸ್ತಿ ಆದರೂ ಹಿಡಿದುಕೊಳ್ಳಬೇಕು ಅಂತ ನನ್ನ ಅನಿಸಿಕೆ.

ಮಾತು ಮುಗಿಸೋಕೆ ಊರಿಂದ ಅಪ್ಪ ಬಂದರು. ಮೇಷ್ಟ್ರು ಕೇಳಿದ್ದು ಬಾಡಿಗೆ 7,000, ಅಡ್ವಾನ್ಸ್ 60,000, ಹನ್ನೊಂದು ತಿಂಗಳಿಗೊಮ್ಮೆ ನೂರಕ್ಕೆ ಹತ್ತು ಏರಿಕೆ. ಅಪ್ಪ ಕಾಫಿ ಲೋಟ ಕೆಳಗಿಟ್ಟು ನಿಧಾನಕ್ಕೆ ಹೇಳಿದರು: "ಯಜಮಾನ್ರೇ, ನಮ್ಮ ಹೊಲಾನೂ ಬಾಡಿಗೆಗೆ ಕೊಟ್ಟಿದೀವಿ. ನಮಗೆ ಎರಡು ವರ್ಷಕ್ಕೆ ಐದು ಪರ್ಸೆಂಟ್ ಏರೋದು. ಬರೋದೇ ಅಷ್ಟು, ಅದ್ರಲ್ಲೇ ನಿಮಗೆ ಕೊಡಬೇಕು." ಮೇಷ್ಟ್ರು ಸೋಲಾರ್ ಬಗ್ಗೆ ಅರ್ಧ ಗಂಟೆ ವಿಚಾರಿಸಿದರು, ಯಾವ ಕಂಪನಿ, ಹೊಲದಲ್ಲಿ ಮುಂಚೆ ಏನು ಬೆಳೀತಿದ್ದಿರಿ, ಕಡಲೆಕಾಯಿ ಎಲ್ಲ ನಿಂತು ಹೋಯ್ತಾ ಅಂತ. ಕೊನೆಗೆ ಬಾಡಿಗೆ 6,000, ಅಡ್ವಾನ್ಸ್ 40,000, ಹನ್ನೊಂದು ತಿಂಗಳು ಆದಮೇಲೆ ಐದು ಪರ್ಸೆಂಟ್ ಅಂತ ಒಪ್ಪಿಗೆ ಆಯಿತು. ನಿಮ್ಮ ಮನೆ ಪರಿಸ್ಥಿತಿ ಇದ್ದಂಗೆ ಹೇಳಿ ಕೇಳೋದರಲ್ಲಿ ಅವಮಾನ ಏನೂ ಇಲ್ಲ. ದೊಡ್ಡವರೊಬ್ಬರು ಬಂದು ಕೂತು ಮಾತಾಡಿದರೆ ಮಾಲೀಕರಿಗೂ ಧೈರ್ಯ ಬರುತ್ತದೆ.

ಕರಾರು ಪತ್ರ ಬರೆಸಲೇಬೇಕು. ಒಂದು ವರ್ಷ ಮೀರಿದ ಕರಾರಾದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಬೇಕು, ಅದಕ್ಕೇ ಎಲ್ಲರೂ 11 ತಿಂಗಳು ಅಂತ ಬರೆಸೋದು. ನಾವು ಮೂರು ಮಾತು ಸೇರಿಸಿ ಅಂತ ಹಠ ಹಿಡಿದೆವು: ಬಿಡುವಾಗ ಪೇಂಟಿಂಗಿಗೆ ಎಷ್ಟು ಹಿಡಿಯುತ್ತೀರಿ ಅನ್ನೋದು ಅಂಕಿಯಲ್ಲಿ ಬರೆಯಬೇಕು, ಎರಡೂ ಕಡೆಯವರು ಒಂದು ತಿಂಗಳ ಮುಂಚೆ ತಿಳಿಸಬೇಕು, ಮಧ್ಯೆ ಒಬ್ಬಳು ಹೋದರೆ ಬೇರೆ ಹುಡುಗಿಯನ್ನು ಸೇರಿಸಿಕೊಳ್ಳಬಹುದು. ಅಡ್ವಾನ್ಸಿಗೆ ನಾನು 15,000, ಹುಳಿಯಾರಿನವಳು 15,000, ಹೊಸಕೋಟೆಯವಳು 10,000 ಹಾಕಿದ್ದೆವು. ಅದನ್ನು ನಮ್ಮ ನಮ್ಮಲ್ಲೇ ಒಂದು ಬಿಳಿ ಹಾಳೆಯಲ್ಲಿ ಬರೆದು ಮೂವರೂ ಸಹಿ ಹಾಕಿದೆವು. ಸ್ನೇಹ ಇದ್ದರೂ ಬರೆಯಿರಿ, ಸ್ನೇಹ ಉಳಿಯಲಿ ಅಂತಲೇ ಬರೆಯಿರಿ. ಬೀಗ ತೆಗೆದ ದಿನವೇ ಗೋಡೆ, ಸಿಂಕು, ಬಾಗಿಲ ಚಿಲಕ ಎಲ್ಲ ವಿಡಿಯೋ ಮಾಡಿ ಮೇಷ್ಟ್ರಿಗೂ ಕಳಿಸಿದೆವು. ರೂಮಿನ ಮೂಲೆಯಲ್ಲಿ ಒಂದು ಕಡೆ ತೇವ ಹಿಡಿದು ಬಣ್ಣ ಉಬ್ಬಿತ್ತು, ಅದನ್ನು ಹತ್ತಿರದಿಂದ ತೆಗೆದೆವು.

ಕರೆಂಟಿನ ವಿಷಯಕ್ಕೆ ಬರೋಣ. ಸರ್ಕಾರದ ಉಚಿತ ಕರೆಂಟಿನ ಗೃಹಜ್ಯೋತಿ ಬಾಡಿಗೆಯವರಿಗೂ ಸಿಗುತ್ತದೆ, ಆದರೆ ನಿಮ್ಮ ಮನೆಗೆ ಬೇರೆ ಬೆಸ್ಕಾಂ ಮೀಟರ್ ಇರಬೇಕು. ಕರೆಂಟ್ ಬಿಲ್ಲಿನಲ್ಲಿರೋ ಆರ್.ಆರ್. ನಂಬರಿಗೆ ನಿಮ್ಮ ಆಧಾರ್ ಜೋಡಿಸಬೇಕು. ಮುಂಚೆ ಇದ್ದವರ ಆಧಾರ್ ಅದರಲ್ಲೇ ಕೂತಿದ್ದರೆ ತೆಗೆಸಬೇಕು, ನಾವು ಅವರಿಗೇ ಫೋನ್ ಮಾಡಿ ಕೇಳಿಕೊಂಡೆವು. ಒಂದು ಫ್ಯಾನು, ಎರಡು ಲೈಟು, ಮೊಬೈಲ್ ಚಾರ್ಜು, ನಮ್ಮದು ಸೊನ್ನೆ ಬಿಲ್ಲೇ. ಹಾಗಾಗಿ ಮನೆ ನೋಡೋಕೆ ಹೋದಾಗ ಮೀಟರ್ ಬೋರ್ಡನ್ನೂ ನೋಡಿ. ಸಬ್ ಮೀಟರ್ ಮನೆಗೆ 500 ಬಾಡಿಗೆ ಕಡಿಮೆ ಅಂದರೂ ಅದು ಕರೆಂಟಿಗೇ ಹೋಗಿಬಿಡುತ್ತದೆ.

ಕ್ಯಾತ್ಸಂದ್ರ ದೂರ ಅಂತ ಮೊದಲು ಹೆದರಿದ್ದೆವು. ಆದರೆ ಶಕ್ತಿ ಯೋಜನೆ ಇರೋದರಿಂದ ಸಾಮಾನ್ಯ ಸರ್ಕಾರಿ ಬಸ್ಸಲ್ಲಿ ಹುಡುಗಿಯರಿಗೆ ಟಿಕೆಟ್ ದುಡ್ಡಿಲ್ಲ, ಬಿ.ಎಚ್. ರಸ್ತೆಯಲ್ಲಿ ಬಸ್ಸಿಗೆ ಬರವೂ ಇಲ್ಲ. ದೂರಕ್ಕೆ ದುಡ್ಡು ಹೋಗೋದಿಲ್ಲ ಅಂದಮೇಲೆ ಕಾಲೇಜಿನ ಪಕ್ಕದಲ್ಲೇ ಮನೆ ಬೇಕು ಅನ್ನೋ ಹಠ ಯಾಕೆ? ಒಂದು ಮಾತ್ರ ನೋಡಿಕೊಂಡೆವು. ರಾತ್ರಿ ಎಂಟು ಗಂಟೆಗೆ ಬಸ್ ಇಳಿದು ಮನೆವರೆಗೆ ಮೂವರೂ ನಡೆದು ನೋಡಿದೆವು, ಬೀದಿ ದೀಪ ಉರಿಯುತ್ತಾ, ಅಂಗಡಿ ತೆಗೆದಿರುತ್ತಾ ಅಂತ. ಹಗಲು ನೋಡಿದ ಬೀದಿ ರಾತ್ರಿ ಬೇರೆಯೇ ಇರುತ್ತದೆ. ಶಿವರಾತ್ರಿಗೆ ಸಿದ್ಧಗಂಗೆ ಜಾತ್ರೆ ಇರುವಾಗ ಬಸ್ ತುಂಬಿ ತುಳುಕುತ್ತದೆ, ಆ ದಿನಗಳಲ್ಲಿ ಬೇಗ ಹೊರಡುತ್ತಿದ್ದೆವು.

ಅಡುಗೆಗೆ ಐದು ಕೆ.ಜಿ.ಯ ಛೋಟು ಸಿಲಿಂಡರ್ ತಂದೆವು, ಅದಕ್ಕೆ ವಿಳಾಸದ ದಾಖಲೆ ಬೇಡ, ಗುರುತಿನ ಚೀಟಿ ಸಾಕು. ರಾಗಿ ಹಿಟ್ಟು, ಹುರುಳಿ, ಕಡಲೆಕಾಯಿ ಊರಿಂದ. ನಮ್ಮಮ್ಮ ಚೀಲ ಕಟ್ಟಿ ಪಾವಗಡದ ಬಸ್ಸಿಗೆ ಹಾಕುತ್ತಿದ್ದರು, ನಾವು ಹೋಗಿ ಇಳಿಸಿಕೊಳ್ಳುತ್ತಿದ್ದೆವು. ಬಾಡಿಗೆ 2,000, ಸಾಮಾನು, ಗ್ಯಾಸು, ಹಾಲು ಎಲ್ಲ ಸೇರಿ ತಲೆಗೆ ನಾಲ್ಕು ಸಾವಿರದ ಒಳಗೆ. ಪಿಜಿಯ ಆರೂವರೆ ಸಾವಿರ ಎಲ್ಲಿ, ಇದು ಎಲ್ಲಿ! ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗದವರು, ಊಟ ವಸತಿಗೆ ಸರ್ಕಾರ ದುಡ್ಡು ಕೊಡುವ ವಿದ್ಯಾಸಿರಿಗೆ ಅರ್ಜಿ ಹಾಕೋದು ಮರೆಯಬೇಡಿ. ನಾನು ಹಾಕಿದಾಗ ತಿಂಗಳಿಗೆ 1,500ರಂತೆ ಹತ್ತು ತಿಂಗಳಿಗೆ ಇತ್ತು. ತಿಂಗಳ ಬಾಡಿಗೆಗೆ ಅದನ್ನೇ ನಂಬಿ ಕೂರಬೇಡಿ, ಅಡ್ವಾನ್ಸಿಗೆ ಮಾಡಿದ ಕೈಸಾಲ ತೀರಿಸೋಕೆ ಇಟ್ಟುಕೊಳ್ಳಿ. ನಾನು ಹಾಗೇ ಮಾಡಿದ್ದು.

ಕೋರ್ಸ್ ಮುಗಿದು ಮನೆ ಬಿಡುವಾಗ ಮೇಷ್ಟ್ರು ಮೂಲೆಯ ತೇವದ ಗೋಡೆ ಮುಟ್ಟಿ "ಇದು ನಿಮ್ಮ ಕಾಲದಲ್ಲಿ ಆಗಿದ್ದಾ?" ಅಂತ ಕೇಳಿದರು. ಮೊದಲ ದಿನದ ವಿಡಿಯೋ ತೆಗೆದು ತೋರಿಸಿದೆ. ಕನ್ನಡಕ ಸರಿ ಮಾಡಿಕೊಂಡು ನೋಡಿ "ಹೌದಲ್ವಾ" ಅಂದರು. ಬರೆದಿದ್ದ ಹಾಗೆ ಪೇಂಟಿಂಗಿಗೆ 3,000 ಹಿಡಿದು ಉಳಿದ 37,000 ಅವತ್ತೇ ಕೊಟ್ಟರು. ಹಾಳೆ ನೋಡಿ ಮೂವರೂ ಹಂಚಿಕೊಂಡೆವು. ಬೋರ್ಡ್ ಹಾಕೋ ಮುಂಚೆಯೇ ನಮ್ಮ ಜೂನಿಯರ್ ಹುಡುಗಿಯರಿಬ್ಬರನ್ನು ಕರೆದುಕೊಂಡು ಹೋಗಿ ಅಜ್ಜಿಗೆ ಪರಿಚಯ ಮಾಡಿಸಿದೆ. ಅವರಿಗೂ ಅಜ್ಜಿ ಮೊದಲು ಸಂಪಿನ ಮುಚ್ಚಳ ತೆಗೆದು ತೋರಿಸಿದರು.