ಟೇಪು ಹಿಡಿಯದೆ ಹಾಕಿದ ದಾವೆ

ಮಂಗಳೂರಿನ ರಥಬೀದಿಯ ಒಂದು ಅಡ್ಡಗಲ್ಲಿಯಲ್ಲಿ ಮುರಕಲ್ಲಿನ ಹಳೆಯ ಕಟ್ಟಡ, ಹೆಂಚಿನ ಮಾಡು, ಸಾಲಾಗಿ ನಾಲ್ಕು ಅಂಗಡಿ. ಮೂರನೆಯದರಲ್ಲಿ ಒಬ್ಬರು ಟೈಲರ್. ಬಾಡಿಗೆ ತಿಂಗಳಿಗೆ 650 ರೂಪಾಯಿ. ಒಡತಿ ನಿವೃತ್ತ ಶಿಕ್ಷಕಿ. ಗಲ್ಲಿಯವರಿಗೆಲ್ಲ ಟೀಚರಮ್ಮ. "ವಕೀಲ್ರೇ, ಅವರನ್ನು ಓಡಿಸ್ಬೇಕು ಅಂತ ನನಗಿಲ್ಲ. ಆದ್ರೆ ಇದು ತೆರಿಗೆ ಕಟ್ಲಿಕ್ಕೂ ಸಾಕಾಗುದಿಲ್ಲ" ಅಂತ ಕಾಗದಗಳ ಕಟ್ಟು ಮೇಜಿನ ಮೇಲಿಟ್ಟರು.

1999ರ ಕರ್ನಾಟಕ ಬಾಡಿಗೆ ಕಾಯ್ದೆ ಜಾರಿಗೆ ಬಂದದ್ದು 2001ರ ಡಿಸೆಂಬರ್ 31ಕ್ಕೆ. ಅಂಗಡಿಗಳ ಮಟ್ಟಿಗೆ ಅದರ ಗೆರೆ 14 ಚದರ ಮೀಟರ್. ತಳವಿಸ್ತೀರ್ಣ, ಅಂದರೆ ಗೋಡೆಗಳ ದಪ್ಪವೂ ಸೇರಿದ ಅಳತೆ, ಅದಕ್ಕಿಂತ ಹೆಚ್ಚಿದ್ದರೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಮಿನಂತೆ 15 ದಿನದ ನೋಟಿಸು ಕೊಟ್ಟು ಗೇಣಿ ಮುಗಿಸಿ, ಸ್ವಾಧೀನಕ್ಕೂ ಮಾರುಕಟ್ಟೆ ದರದ ನಷ್ಟಕ್ಕೂ ಸಿವಿಲ್ ದಾವೆ ಹಾಕಬಹುದು. 14ರ ಒಳಗಿದ್ದರೆ ದಾರಿಯೇ ಬೇರೆ. ಕಾಯ್ದೆ ಹೇಳಿದ ಕಾರಣಗಳಿಲ್ಲದೆ ಬಾಡಿಗೆದಾರನನ್ನು ಎಬ್ಬಿಸುವಂತಿಲ್ಲ.

ಹಳೆಯ ಕರಾರಿನಲ್ಲಿ "ಸುಮಾರು 170 ಚದರ ಅಡಿ" ಎಂದಿತ್ತು. ಅಂದರೆ 15.8 ಚದರ ಮೀಟರ್. ನಾನು ಅದನ್ನೇ ನಂಬಿ ದಾವೆ ಹಾಕಿದೆ. ಸ್ಥಳಕ್ಕೆ ಹೋಗಿ ಅಳೆಯಲಿಲ್ಲ. ಆ ತಪ್ಪಿಗೆ ಟೀಚರಮ್ಮ ಒಂದೂವರೆ ವರ್ಷ ಕೋರ್ಟಿಗೆ ಅಲೆದರು. ಅದು ನನಗೆ ಇಂದಿಗೂ ಬೇಸರದ ಸಂಗತಿ.

ಎದುರು ಪಕ್ಷದ ವಕೀಲರು ಪ್ರತಿವಾದ ಪತ್ರದಲ್ಲಿ ಮೊದಲಿಗೇ ಎತ್ತಿದ್ದು ಅಳತೆಯ ಮಾತು. ಅಳತೆ ಮಾಡಿ ವರದಿ ಕೊಡಲು ಕೋರ್ಟು ಒಬ್ಬ ಇಂಜಿನಿಯರನ್ನು ಕಮಿಷನರ್ ಆಗಿ ನೇಮಿಸಿತು. ಒಂದು ಶನಿವಾರ ಬೆಳಿಗ್ಗೆ ಆ ಇಂಜಿನಿಯರ್ ಟೇಪು ಬಿಚ್ಚಿದಾಗ ಟೈಲರ್ ಹೊಲಿಗೆ ಮೆಷಿನನ್ನು ತಾವೇ ಪಕ್ಕಕ್ಕೆ ಸರಿಸಿ ಜಾಗ ಮಾಡಿಕೊಟ್ಟರು. ಒಳಗೆ 11 ಅಡಿ ಅಗಲ, 12 ಅಡಿ ಉದ್ದ. ಗೋಡೆಗಳು ಮುಕ್ಕಾಲು ಅಡಿ ದಪ್ಪ. ಹಿಂದಿನ ಗೋಡೆಯನ್ನು ಪೂರ್ತಿ ಹಿಡಿದರೆ ಉದ್ದ 12.75 ಅಡಿ. ಆದರೆ ಎರಡು ಪಕ್ಕದ ಗೋಡೆಗಳು ಆಚೀಚೆ ಅಂಗಡಿಗಳಿಗೂ ಸೇರಿದವು. ಅವನ್ನು ಇಂಜಿನಿಯರ್ ಅರ್ಧರ್ಧ ಹಿಡಿದರು. ಅಗಲ 11.75. ಗುಣಿಸಿದರೆ 149.8 ಚದರ ಅಡಿ, 13.92 ಚದರ ಮೀಟರ್. ಗೆರೆಯಿಂದ ಒಂದು ಚದರ ಅಡಿಯಷ್ಟೂ ದೂರವಿಲ್ಲ, ಆದರೂ ಒಳಗೆ. ಗೋಡೆಗಳನ್ನು ಪೂರ್ತಿ ಹಿಡಿಯಬೇಕೆಂದು ನಾನು ಆಕ್ಷೇಪ ಸಲ್ಲಿಸಿದೆ. ಅದು ನಿಲ್ಲುವಂಥದ್ದಲ್ಲ ಎಂದು ಬರೆಯುವಾಗಲೇ ಅನಿಸಿತ್ತು.

ಬಾಡಿಗೆ ಕಾಯ್ದೆಯಡಿ ಹೋದರೆ ಬಾಡಿಗೆ ನಿಗದಿಗೆ ಒಂದು ಸೂತ್ರವಿದೆ: ಕಟ್ಟಲು ತೊಡಗಿದ ಕಾಲದ ಭೂಮಿಯ ಬೆಲೆ, ಕಟ್ಟಡದ ಖರ್ಚು, ಇವೆರಡರ ಮೊತ್ತದ ಶೇ. 10 ವರ್ಷಕ್ಕೆ, ಮೇಲೆ ಅನುಸೂಚಿಯಂತೆ ಏರಿಕೆ. ಟೀಚರಮ್ಮನ ತಂದೆಯ ಲೆಕ್ಕದ ಪುಸ್ತಕ ಸಿಕ್ಕಿತು. ಕಲ್ಲಿನ ಗಾಡಿ, ಸುಣ್ಣ, ಹೆಂಚು, ಮೇಸ್ತ್ರಿ ಕೂಲಿ ಎಲ್ಲ ನೀಲಿ ಶಾಯಿಯಲ್ಲಿ. ಇಷ್ಟಿದ್ದರೂ ಆ ಕಾಲದ ಭೂಮಿಯ ಬೆಲೆಗೆ ಸಾಕ್ಷಿ ಹೇಳುವವರನ್ನು ಎಲ್ಲಿಂದ ತರುವುದು?

ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸಿ ಎಂದು ಎರಡೂ ಕಡೆಯವರು ಕೇಳಿಕೊಂಡೆವು. ಅದೇ ಗಲ್ಲಿಯ ಮೂರು ಇತ್ತೀಚಿನ ಕರಾರುಗಳ ಪ್ರತಿ ನಾನು ಒಯ್ದೆ. ಚದರ ಅಡಿಗೆ 40 ರೂಪಾಯಿಯ ಆಸುಪಾಸು, ನಮ್ಮ ಅಂಗಡಿಗೆ ತಿಂಗಳಿಗೆ 6,000. ಜೊತೆಗೆ ಮಲ್ಪೆ ವಿಶ್ವನಾಥ ಆಚಾರ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1997ರಲ್ಲಿ ಕೊಟ್ಟ ತೀರ್ಪು. ಮುಂಬಯಿಯಲ್ಲಿ 1940ರ ಮಟ್ಟಕ್ಕೆ ಬಾಡಿಗೆಯನ್ನು ಕಟ್ಟಿಹಾಕಿದ್ದ ಕಾನೂನು ಕಾಲ ಕಳೆದಂತೆ ಅಸಮಂಜಸವಾಯಿತು ಎಂದ ತೀರ್ಪು ಅದು. ಮಲ್ಪೆಯ ಹೆಸರು ಕೇಳಿ ಟೈಲರ್ ಕಿವಿ ನೆಟ್ಟಗೆ ಮಾಡಿದರು.

ಆಮೇಲೆ ಅವರು ತಮ್ಮ ಚೀಲ ಬಿಚ್ಚಿದರು. ಹತ್ತು ಮಳೆಗಾಲಕ್ಕೆ ಮುಂಚೆ ಒಡೆದ ಹೆಂಚು ತೆಗೆದು ಹೊಸದು ಹಾಕಿಸಿದ ಬಿಲ್ಲುಗಳು, ಮಾಡಿನ ಮರದ ಪಕಾಸು ಬದಲಿಸಿದ ಬಡಗಿಯ ಚೀಟಿ. ಟೀಚರಮ್ಮ ಒಂದೊಂದಾಗಿ ಓದಿದರು. "ನನಗೆ ಯಾಕೆ ಹೇಳ್ಲಿಲ್ಲ?" "ಹೇಳಿದ್ರೆ ನೀವು ಬಾಡಿಗೆ ಏರಿಸ್ತೀರಿ ಅಂತ ಹೆದರಿಕೆ ಇತ್ತಮ್ಮ." ಆ ಕೋಣೆಯಲ್ಲಿ ಲೆಕ್ಕ ಬದಲಾದದ್ದು ಆಗ. ನನ್ನ 6,000ದಲ್ಲಿ ಮಾಡಿನ ಖರ್ಚು ಒಡತಿಯದೆಂದೇ ಹಿಡಿದಿತ್ತು. ನಿಜಕ್ಕೂ ಅದನ್ನು ಹೊತ್ತಿದ್ದು ಟೈಲರ್.

4,200ಕ್ಕೆ ಒಪ್ಪಿಗೆಯಾಯಿತು. ವರ್ಷಕ್ಕೆ ಶೇ. 5 ಏರಿಕೆ, ಐದು ವರ್ಷದ ಅವಧಿ, ಇನ್ನು ಮುಂದೆ ಮಾಡಿನ ರಿಪೇರಿ ಒಡತಿಯದು. ಒಂದು ವರ್ಷ ಮೀರಿದ ಗೇಣಿ ನೋಂದಣಿಯಾಗದಿದ್ದರೆ ನಾಳೆ ಕೋರ್ಟಿನಲ್ಲಿ ಷರತ್ತುಗಳು ನಿಲ್ಲುವುದಿಲ್ಲವಾದ್ದರಿಂದ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಇಬ್ಬರನ್ನೂ ನಾನೇ ಕರೆದುಕೊಂಡು ಹೋದೆ. ಪತ್ರದಲ್ಲಿ "ಸುಮಾರು" ಎಂಬ ಪದ ಹಾಕಲಿಲ್ಲ. 13.92 ಎಂದೇ ಬರೆಸಿ, ಕಮಿಷನರ್ ಬರೆದ ನಕ್ಷೆಯನ್ನು ಲಗತ್ತಿಸಿದೆ.