ಮರದ ಬಾಣದ ಮೇಲೆ ಗುರುತು: ಎರಡು ಕೈ ವಾರ್ನಿಶ್ ನಡುವೆ ಬರೆಯಿರಿ

ಕೈಯಲ್ಲಿ ಮಾಡಿದ ಮರದ ಬಾಣಕ್ಕೆ ನಿಮ್ಮ ಗುರುತು ಹಾಕುವ ಮೊದಲು ಕಡ್ಡಿಗೆ ತೆಳ್ಳಗೆ ಒಂದು ಕೈ ವಾರ್ನಿಶ್ ಹಚ್ಚಿ. ಪೂರ್ತಿ ಒಣಗಿದ ಮೇಲೆ ನಯವಾದ ಸ್ಯಾಂಡ್‌ಪೇಪರ್‌ನಿಂದ ಹಗುರವಾಗಿ ತಿಕ್ಕಿ, ಸಣ್ಣ ನಿಬ್ಬಿನಲ್ಲಿ ಇಂಡಿಯನ್ ಇಂಕ್‌ನಿಂದ (ಚಿತ್ರ ಬಿಡಿಸಲು ಬಳಸುವ ಗಾಢ ಕಪ್ಪು ಶಾಯಿ) ಬರೆಯಿರಿ. ಶಾಯಿ ಒಣಗಿದ ಮೇಲೆ ಇನ್ನೊಂದು ಕೈ ವಾರ್ನಿಶ್. ಪೈನ್, ಸೀಡರ್‌ನಂಥ ಮೆದು ಮರದಲ್ಲಿ ಶಾಯಿ ನಾರಿನುದ್ದಕ್ಕೂ ಹರಡಿಬಿಡುತ್ತದೆ. ಕೆಳಗಿನ ಪದರ ಅದನ್ನು ತಡೆಯುತ್ತದೆ, ಮೇಲಿನದು ಕೈಬೆವರಿನಿಂದ ಕಾಪಾಡುತ್ತದೆ. ಗುರುತು ಗರಿಗಳ ಹತ್ತಿರವೇ ಇರಲಿ. ಮೊನೆಯ ಕಡೆ ಬರೆದರೆ ಗುರಿಹಲಗೆಯಿಂದ ಕೀಳುವಾಗ ಬೇಗ ಸವೆಯುತ್ತದೆ. ಮೇಲಿನ ಪದರಕ್ಕೆ ಫ್ರೆಂಚ್ ಪಾಲಿಶ್ (ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು) ಮಾತ್ರ ಬೇಡ, ಅದರ ಸ್ಪಿರಿಟ್‌ಗೆ ಅಕ್ಷರ ಕದಡಬಹುದು. ಮಾರ್ಕರ್ ಪೆನ್ನಿನಲ್ಲಿ ಬರೆದಿದ್ದರಂತೂ ಕದಡುವುದು ಇನ್ನೂ ಜಾಸ್ತಿ. ಮೊದಲೇ ಎಣ್ಣೆ, ಮೇಣ ಕುಡಿದ ಕಡ್ಡಿಯ ಮೇಲೆ ಈ ಉಪಾಯ ನಡೆಯುವುದಿಲ್ಲ, ಶಾಯಿಯೂ ವಾರ್ನಿಶ್ಶೂ ಹಿಡಿಯುವುದಿಲ್ಲ. ಚಾಕುವಿನಲ್ಲಿ ಕೆತ್ತುವುದು ಎಷ್ಟೇ ಚೆಂದ ಕಂಡರೂ ದಯವಿಟ್ಟು ಬೇಡ. ನಾರು ಕಡಿದ ಜಾಗದಲ್ಲಿ ಕಡ್ಡಿ ದುರ್ಬಲವಾಗುತ್ತದೆ, ಬಿಡುವಾಗ ಮುರಿದರೆ ಚೂರು ಬಿಲ್ಲು ಹಿಡಿದ ಕೈಗೇ ಹೊಕ್ಕಬಹುದು. ಸ್ಪರ್ಧೆಗೆ ಹೋಗುವವರು ಗುರುತಿನ ಜೊತೆ ಹೆಸರು ಅಥವಾ ಇನಿಷಿಯಲ್ ಕೂಡ ಬರೆಯಿರಿ, ಬಿಲ್ಲುಗಾರಿಕೆಯ ಅಂತರರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಆರ್ಚರಿಯ ನಿಯಮ ಅದನ್ನು ಕೇಳುತ್ತದೆ.